ಸಾರಿಸದೆ ಬಿಟ್ಟ ಹಾದಿ

ನಮ್ಮ ಅತ್ತೆ ಕಳಕಮ್ಮನವರ ಮನೆಯ ನೆಲ ನೋಡಲಿಕ್ಕೆಂದೇ ಅಳವಂಡಿಯ ಹೆಂಗಸರು ನೆಪ ಮಾಡಿಕೊಂಡು ಬರುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ನೆಲವೆಂದರೆ ಮಣ್ಣಿನ ನೆಲ, ಅದರ ಮೇಲೆ ಸೆಗಣಿಯ ಸಾರಣೆ, ಅಷ್ಟೇ. ಆದರೆ ಆ ಸಾರಣೆಯಲ್ಲಿ ಒಂದು ಬೆರಳಿನ ಗೆರೆ ಇನ್ನೊಂದರ ಮೇಲೆ ಬೀಳುತ್ತಿರಲಿಲ್ಲ. ದೇವರ ಜಗಲಿಯಿಂದ ಹೊಸ್ತಿಲಿನವರೆಗೆ ಕಮಾನು ಕಮಾನಾಗಿ ಒಂದೇ ಅಳತೆಯಲ್ಲಿ ಬರುತ್ತಿತ್ತು. ನಾನು ಕುಷ್ಟಗಿಯಿಂದ ಆ ಮನೆಗೆ ಸೊಸೆಯಾಗಿ ಬಂದದ್ದು ಜರ್ಮನಿಯ ಯುದ್ಧದ ಕಾಲದಲ್ಲಿ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ದೀಪ ಹಚ್ಚಲಿಕ್ಕೆ ಅತ್ತೆ ಹಿಂದೆಮುಂದೆ ನೋಡುತ್ತಿದ್ದರು, ಸೆಗಣಿಯ ವಿಷಯದಲ್ಲಿ ಮಾತ್ರ ಕೈ ಧಾರಾಳ. ನಾನು ಸಾರಿಸಿ ಏಳುವುದೇ ತಡ, ಅದೇ ಜಾಗವನ್ನು ಮತ್ತೆ ಸಾರಿಸಲು ಕೂತುಬಿಡುತ್ತಿದ್ದರು.

"ನಿಮ್ಮವ್ವ ನಿನಗ ಕೈ ಕೊಟ್ಟಾಳ, ಕೈಗೆ ಬುದ್ಧಿ ಕೊಟ್ಟಿಲ್ಲ ನೋಡು" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಮನೆಯಲ್ಲಿ ನನಗಿಂತ ಮೊದಲು ಬಂದದ್ದು ಕೆಂಚ. ಮಾವ ಅಂದಪ್ಪನವರು ಒಮ್ಮೆ ಎತ್ತು ನೋಡಲು ತಾವರಗೇರಾ ಸಂತೆಗೆ ಹೋದಾಗ ಚಕ್ಕಡಿಯ ಬೆನ್ನು ಹತ್ತಿ ಅಳವಂಡಿಯ ತನಕ ನಡೆದು ಬಂದ ನಾಯಿ. ಹೊಸ್ತಿಲಾಚೆಯ ಕಟ್ಟೆ ಅದರ ಜಾಗ. ಒಳಗೆ ಒಂದು ಕಾಲಿಟ್ಟರೂ ಅತ್ತೆಯ ಕಸಬರಿಗೆ ಹಾರಿ ಬರುತ್ತಿತ್ತು. ಹಾಗಂತ ಅದನ್ನು ಹಸಿದಿರಲು ಬಿಟ್ಟವರಲ್ಲ. ಬೆಳಗ್ಗೆ ಹಂಚಿನ ಮೇಲೆ ಉಬ್ಬಿದ ಮೊದಲ ಜೋಳದ ರೊಟ್ಟಿ ಕೆಂಚನದು. ಬಾಗಿಲಲ್ಲಿ ನಿಂತು, "ತಿನ್ನು, ನಮ್ಮನಿ ತಿನ್ನಾಕ ಹುಟ್ಟೀದಿ" ಎಂದು ಬೈಯುತ್ತಲೇ ಎಸೆಯುತ್ತಿದ್ದರು. ಅದು ತಿನ್ನುವ ತನಕ ಮನೆಯಲ್ಲಿ ಯಾರ ತಾಟಿಗೂ ರೊಟ್ಟಿ ಬೀಳುತ್ತಿರಲಿಲ್ಲ. ಆಮೇಲೆ ಮಾವ, ನನ್ನ ಗಂಡ, ಅತ್ತೆ, ಎಲ್ಲರದೂ ಮುಗಿದ ಮೇಲೆ ನಾನು. ಹೊಸ ಸೊಸೆಯ ಸರದಿ ಎಲ್ಲ ಕಡೆಯೂ ಹಾಗೇ ಎಂದು ಗೊತ್ತಿತ್ತು. ಆದರೂ ನಾಯಿ ಮೊದಲು, ನಾನು ಕೊನೆ ಎಂಬುದು ಒಳಗೊಳಗೇ ಚುಚ್ಚುತ್ತಿತ್ತು.

ಮದುವೆಯಾಗಿ ಮೂರನೇ ಚಳಿಗಾಲಕ್ಕೆ ಕೆಂಚನಿಗೆ ವಯಸ್ಸಾಯಿತು. ಕಣ್ಣಿನ ಮೇಲೆ ಬಿಳಿ ಪೊರೆ ಬಂತು, ಹಿಂಗಾಲು ಸೋತವು. ಒಂದು ಮುಂಜಾನೆ ಕಟ್ಟೆಯ ಮೇಲೆ ಅದು ಗಡಗಡ ನಡುಗುತ್ತಿದ್ದುದನ್ನು ಅತ್ತೆ ನೋಡಿದರು. ಯಾರಿಗೂ ಏನೂ ಹೇಳದೆ ಪಡಸಾಲೆಯ ಬೀಸುವ ಕಲ್ಲಿನ ಪಕ್ಕ ಗೋಣಿಚೀಲ ಹಾಸಿದರು. ಅಡಿಗೆಮನೆಯ ಒಲೆ ಆ ಗೋಡೆಯ ಹಿಂದೆಯೇ ಇತ್ತು, ಗೋಡೆ ದಿನವಿಡೀ ಬೆಚ್ಚಗಿರುತ್ತಿತ್ತು. ಕೆಂಚನನ್ನು ಎರಡೂ ಕೈಯಲ್ಲಿ ಎತ್ತಿ ಹೊಸ್ತಿಲು ದಾಟಿಸಿ ತಂದು ಮಲಗಿಸಿದರು. ನಾನು ಬಾಯಿಬಿಟ್ಟು ನೋಡುತ್ತ ನಿಂತಿದ್ದೆ.

"ಏನ ನೋಡ್ತಿ? ಹೋಗು, ಹಾಲು ಬೆಚ್ಚಗ ಮಾಡು" ಎಂದು ನನ್ನ ಮೇಲೇ ಹರಿಹಾಯ್ದರು.

ಹಲ್ಲು ಬಿದ್ದದ್ದರಿಂದ ಆ ಮೊದಲ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ ಇಡುವುದು ಶುರುವಾಯಿತು. ಮಾವ ಬಿಡುವರೇ?

"ನಾ ಬಿಸಿ ರೊಟ್ಟಿ ಕೇಳಿದ್ರ ಗುರ್ ಅಂತಿ, ಕೆಂಚ್ಯಾಗ ಹಾಲಾಗ ಕಿವಿಚಿ ಇಡ್ತಿ. ನಾನೂ ಬಾಲ ಅಳ್ಳಾಡಸಬೇಕೇನು?"

"ನಿಮಗಿನ್ನೂ ಹಲ್ಲು ಅದಾವಲ್ರಿ. ಬೀಳ್ಲಿ, ಆಮ್ಯಾಲ ನೋಡೋಣು."

ಯುಗಾದಿಯ ಹೊತ್ತಿಗೆ ಕೆಂಚ ಪೂರಾ ಕುರುಡಾಯಿತು. ಆದರೂ ಗೋಣಿಚೀಲದಿಂದ ಎದ್ದು, ಗೋಡೆಗುಂಟ ನೀರಿನ ಬೋಗುಣಿಯ ತನಕ, ಅಲ್ಲಿಂದ ಹೊಸ್ತಿಲಿಗೆ, ಹೊರಗೆ ಹೋಗಿ ತನ್ನ ಕೆಲಸ ಮುಗಿಸಿ ಮತ್ತೆ ಅದೇ ದಾರಿಯಲ್ಲಿ ಬರುತ್ತಿತ್ತು. ಆ ದಾರಿಯಲ್ಲಿ ಏನೂ ಇಡಬಾರದೆಂದು ಅತ್ತೆಯ ಹುಕುಂ ಆಯಿತು. ನನ್ನ ಕೊಡ, ಮಾವನ ಚಪ್ಪಲಿ, ಜೋಳದ ಬುಟ್ಟಿ ಎಲ್ಲ ಎದುರು ಗೋಡೆಗೆ ಹೋದವು.

ಇಷ್ಟು ಮಾಡಿದರೂ ಬೇಸಿಗೆಯಲ್ಲಿ ಕೆಂಚ ಕೆಡುತ್ತ ಬಂತು. ಕೆಲವು ದಿನ ಚೆನ್ನಾಗಿರುತ್ತಿತ್ತು, ಕೆಲವು ದಿನ ಪಡಸಾಲೆಯ ನಡುವೆ ನಿಂತು ಕುಂಯ್‌ಗುಡುತ್ತಿತ್ತು. ಗೋಡೆಗೆ ತಲೆ ಹಚ್ಚಿ ನಿಲ್ಲುತ್ತಿತ್ತು. ಬಾಗಿಲು ಸಿಗದೆ ಅಲ್ಲೇ ಒದ್ದೆ ಮಾಡಿಕೊಳ್ಳುತ್ತಿತ್ತು. ಅತ್ತೆ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ನಾವೆಲ್ಲ ಕೆಮ್ಮಿದೆವು, ಕೆಂಚನೂ ಕೆಮ್ಮಿತು. ಒದ್ದೆ ಮಾಡಿದ ನೆಲ ಮೈಲಿಗೆಯಾಯಿತೆಂದು ಪಡಸಾಲೆಯನ್ನೆಲ್ಲ ಮತ್ತೆ ಸಾರಿಸಿದರು. ಮರುದಿನ ಕೆಂಚ ಇನ್ನೂ ಹದಗೆಟ್ಟಿತು. ಮತ್ತೆ ಒದ್ದೆ, ಮತ್ತೆ ಸಾರಣೆ. ಸೋಮವಾರಕ್ಕೊಮ್ಮೆ ಇದ್ದ ಸಾರಣೆ ದಿನಾ ಆಗಿ ನನ್ನ ಸೊಂಟ ಮುರಿದುಹೋಯಿತು.

ಮಾವ ಒಂದು ದಿನ ಮೆತ್ತಗೆ ಹೇಳಿದರು, "ಶ್ರಾವಣದಾಗ ಮಠದ ಅಯ್ಯನೋರು ಪಾದಪೂಜಿಗೆ ಬರ್ತಾರ. ಮನಿ ಹಿಂಗ ಆದ್ರ ಹೆಂಗ? ಹೊಲದಾಗ ಗುಡಸಲ ಐತಿ, ಕೆಂಚ್ಯಾನ ಅಲ್ಲಿ ಬಿಟ್ಟು ಬರ್ತೀನಿ. ದಿನಾ ರೊಟ್ಟಿ ನಾನ ಒಯ್ತೀನಿ."

ಕಣ್ಣಿಲ್ಲದ ನಾಯಿ ಹೊಲದಲ್ಲಿ ಎಷ್ಟು ದಿನ ಉಳಿದೀತು ಎಂಬುದು ಮಾವನಿಗೂ ಗೊತ್ತಿತ್ತು.

ಅದಾದ ಮೇಲಿನ ಸೋಮವಾರ ಅತ್ತೆ ಜಗಲಿಯ ಕಡೆಯಿಂದ ಸಾರಿಸುತ್ತ ಬಂದು, ಪಡಸಾಲೆಯ ಅರ್ಧಕ್ಕೆ ಕೈ ನಿಲ್ಲಿಸಿ ಬೆನ್ನು ಹಿಡಿದು ಕೂತಿದ್ದರು. ಕೆಂಚ ಹೊರಗಿನಿಂದ ಬಂತು. ಹೊಸ್ತಿಲು ದಾಟಿ, ನೆಲ ಮೂಸುತ್ತ, ಕಣ್ಣಿದ್ದ ನಾಯಿಯ ಹಾಗೆ ಸರಸರ ನಡೆಯಿತು. ಅತ್ತೆಯ ಕೈ ಎಲ್ಲಿ ನಿಂತಿತ್ತೋ ಅಲ್ಲಿಗೆ ಬಂದು ಅದೂ ನಿಂತಿತು. ಹಸಿ ಸೆಗಣಿಗೆ ಮೂಗು ಹಚ್ಚಿತು, ಹಿಂದೆ ಸರಿಯಿತು, ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಕುಂಯ್ ಎಂದಿತು.

ಅತ್ತೆಯ ಕೈಯಿಂದ ಸೆಗಣಿ ಕೆಳಗೆ ಬಿತ್ತು. ನನ್ನನ್ನು ಕೂಗಿದರು.

"ಪಾರ್ವತೆವ್ವಾ, ಇಲ್ಲಿ ಬಾ. ನೋಡಿಲ್ಲಿ. ಕಣ್ಣು ಹೋದ ಮ್ಯಾಲ ಇದು ಮೂಗಿನ ಮ್ಯಾಲ ನಡ್ಯಾಕ ಹತ್ತೈತಿ. ನಾ ದಿನಾ ಕುಂತು ಅದರ ಹಾದಿ ಅಳಿಸೀನಿ. ನನ್ನ ಕೈ ಸುಡಲಿ."

ನೆಲ ಒಣಗುವುದನ್ನೇ ಕಾದು, ಕೆಂಚನ ವಾಸನೆ ಹಿಡಿದ ಗೋಣಿಚೀಲವನ್ನು ಬೀಸುವ ಕಲ್ಲಿನಿಂದ ಹೊಸ್ತಿಲ ತನಕ ಗೋಡೆಗುಂಟ ಎಳೆದಾಡಿದರು. ಆ ಕೊಳಕು ಚೀಲವನ್ನು ಆ ನೆಲದ ಮೇಲೆ! ಅವತ್ತು ಸಂಜೆಗೇ ಕೆಂಚ ತಾನಾಗಿ ಹೊರಗೆ ಹೋಗಿ ಬಂತು. ಅಂದಿನಿಂದ ಸಾರಿಸುವಾಗ ಗೋಡೆಗುಂಟ ಒಂದು ಮೊಳದಷ್ಟು ಅಗಲ ಬಿಡುತ್ತ ಹೋದೆವು. ಒಂದು ಕಡೆ ಕಮಾನು ಕಮಾನಿನ ಹಸಿರು ನೆಲ, ಪಕ್ಕದಲ್ಲಿ ಧೂಳು ಹಿಡಿದ ಬೂದಿ ಬಣ್ಣದ ಪಟ್ಟಿ. ಓಣಿಯ ಹುಲಗಮ್ಮ ಅದನ್ನು ಕಂಡವಳೇ, "ಸೊಸಿ ಭಾಳ ಮೈಗಳ್ಳಿ ಕಾಣ್ತಾಳವ್ವ" ಎಂದಳು. ಸಿಟ್ಟಿನಲ್ಲಿ ನನ್ನ ಕಣ್ಣಲ್ಲಿ ನೀರು ಬಂತು.

"ನನ್ನ ಸೊಸಿ ಸುದ್ದಿಗೆ ಬರಬ್ಯಾಡ. ಅದು ನಾ ಬಿಟ್ಟಿದ್ದು" ಎಂದರು ಅತ್ತೆ. ಅವರು ನನ್ನ ಪರ ಮಾತಾಡಿದ್ದನ್ನು ಕೇಳಿದ್ದು ಅದೇ ಮೊದಲು.

ಶ್ರಾವಣ ಬಂತು. ಪಾದಪೂಜೆಯ ದಿನ ಮನೆಯನ್ನೆಲ್ಲ ಸಾರಿಸಿ ರಂಗೋಲಿ ಹಾಕಿದೆವು. ಆ ಪಟ್ಟಿಯನ್ನು ಏನು ಮಾಡುತ್ತಾರೋ ಎಂದು ನಾನೂ ಮಾವನೂ ಅತ್ತೆಯ ಕೈಯನ್ನೇ ನೋಡುತ್ತಿದ್ದೆವು. ಸಾರಿಸಿದರೆ ಕೆಂಚ ಮತ್ತೆ ದಾರಿ ತಪ್ಪಿ ಒಳಗೇ ಒದ್ದೆ ಮಾಡುತ್ತದೆ, ಆಮೇಲೆ ಹೊಲದ ಗುಡಿಸಲೇ ಗತಿ. ಬಿಟ್ಟರೆ, ಊರೇ ಹೊಗಳಿದ ನೆಲದ ಮಾನ ಅಯ್ಯನವರ ಎದುರು ಹೋಗುತ್ತದೆ. ಅತ್ತೆ ಬಿಟ್ಟರು.

ಅಯ್ಯನವರು ಹೊಸ್ತಿಲಲ್ಲೇ ನಿಂತು ಹುಬ್ಬು ಗಂಟಿಕ್ಕಿದರು.

"ಇದೇನವಾ ಕಳಕಮ್ಮ, ಇಷ್ಟು ನೆಲಾ ಸಾರಸೂದು ಮರತೀಯೇನು?"

"ಮರತಿಲ್ರಿ ಅಯ್ಯನೋರ. ಅದು ನಮ್ಮ ನಾಯಿ ಹಾದಿ. ಕಣ್ಣಿಲ್ಲದ್ದು, ಸಾರಿಸಿದ್ರ ದಾರಿ ತಪ್ಪತೈತಿ."

"ಹಂಗಾದ್ರ ನನ್ನ ಹಾದಿ ಯಾವುದು?"

"ಉಳದದ್ದೆಲ್ಲಾ ನಿಮ್ದ ಐತಲ್ರಿ."

ಮಾವ ಸುಮ್ಮನೆ ಕೆಮ್ಮಿದರು. ಅಯ್ಯನವರು ಬಟ್ಟೆ ಎತ್ತಿ ಹಿಡಿದು, ಆ ಪಟ್ಟಿಯನ್ನು ತುಳಿಯದ ಹಾಗೆ ಅಗಲವಾಗಿ ಹೆಜ್ಜೆ ಹಾಕಿ ದಾಟಿ ಮಣೆಯ ಮೇಲೆ ಕೂತರು. ಹೊಲದ ಗುಡಿಸಲಿನ ಮಾತನ್ನು ಮಾವ ಮತ್ತೆ ಎತ್ತಲಿಲ್ಲ.

ಮಹಾನವಮಿ ಮುಗಿದ ಮೇಲೆ, ಒಂದು ಮಧ್ಯಾಹ್ನ ಬೆಚ್ಚನೆಯ ಗೋಡೆಗೆ ಬೆನ್ನು ಹಚ್ಚಿ ಮಲಗಿದ ಕೆಂಚ ಏಳಲಿಲ್ಲ. ಮಾವ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ಮರುದಿನ ಬೆಳಗ್ಗೆ ಅತ್ತೆ ಸೆಗಣಿ ಕಲಸಿಕೊಂಡು ಆ ಪಟ್ಟಿಯ ಮುಂದೆ ಕೂತರು. ನಾನು ಕೈ ಹಾಕಲು ಹೋದೆ, ಬೇಡ ಎಂದರು. ಒಬ್ಬರೇ ಸಾರಿಸಿದರು. ಕಮಾನುಗಳು ಡೊಂಕಾಗಿದ್ದವು, ಗೆರೆಯ ಮೇಲೆ ಗೆರೆ ಬಿದ್ದಿತ್ತು. ಅವರು ಅದನ್ನು ತಿದ್ದಲಿಲ್ಲ.

ಆಮೇಲೆ ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿದರು. ಮೊದಲ ರೊಟ್ಟಿ ಉಬ್ಬಿತು. ರೂಢಿಯಂತೆ ಕೈಯಲ್ಲಿ ಹಿಡಿದು ಎದ್ದವರು, ಪಡಸಾಲೆಗೆ ಬಂದು, ಬೀಸುವ ಕಲ್ಲಿನ ಹತ್ತಿರ ನಿಂತುಬಿಟ್ಟರು. ಮಾವ ತಾಟಿನ ಮುಂದೆ ತಲೆ ಬಗ್ಗಿಸಿ ಕೂತಿದ್ದರು. ಅತ್ತೆ ನನ್ನ ಕಡೆ ತಿರುಗಿದರು.

"ಬಾ ಪಾರ್ವತೆವ್ವಾ, ಇಲ್ಲಿ ಕುಂಡ್ರು. ಇವತ್ತಿಂದ ಮೊದಲನೇ ರೊಟ್ಟಿ ನೀ ತಿನ್ನು."

ಆ ಮನೆಯಲ್ಲಿ ನಾನು ಎಲ್ಲರಿಗಿಂತ ಮೊದಲು ಉಂಡದ್ದು ಅವತ್ತು. ಇಷ್ಟು ವರ್ಷ ಒಳಗೊಳಗೇ ಬಯಸಿದ್ದು ಅದನ್ನೇ, ಆದರೆ ರೊಟ್ಟಿ ಮುರಿಯುವಾಗ ನನ್ನ ಕಣ್ಣು ಗೋಣಿಚೀಲ ಇದ್ದ ಜಾಗಕ್ಕೇ ಹೋಯಿತು. ಅತ್ತೆ ಎದುರಿಗೆ ಕೂತು, ನಾನು ತಿಂದು ಮುಗಿಸುವ ತನಕ ನೋಡಿ, ಆಮೇಲೆ ಎದ್ದು ಮಾವನಿಗೆ ಬಡಿಸಿದರು.