ಅಪ್ಪ ಓಡಿಸಿದ ರೋಬೋಟ್

ಅಪ್ಪನಿಗೆ ಪಾರ್ಶ್ವವಾಯು ಬಡಿದು ಬಲಗೈಯ ಬಲ ಹೋದಾಗ, ಬೆರಳುಗಳಿಗೆ ಕೆಲಸ ಕೊಡಿ ಎಂದು ಆಸ್ಪತ್ರೆಯಲ್ಲಿ ಒಂದು ಸ್ಪಂಜಿನ ಚೆಂಡು ಕೊಟ್ಟಿದ್ದರು. ಅದನ್ನು ಒತ್ತುತ್ತಾ ಕೂರುವುದು ಮಕ್ಕಳಾಟ ಎಂದು ಅಪ್ಪ ಅದನ್ನು ಟಿವಿಯ ಹಿಂದಕ್ಕೆ ಎಸೆದರು. ಹಾಗೆ ಎಸೆದವರು ಆಮೇಲೆ ಅದೇ ಟಿವಿಯ ಮುಂದೆ ಕೂತು ನಿಜವಾದ ಮಕ್ಕಳಾಟವನ್ನೇ ಆಡಿದರು ಎಂದು ಅಮ್ಮ ಈಗಲೂ ಹೇಳಿಕೊಂಡು ನಗುತ್ತಾಳೆ.

ಅಪ್ಪ ಬಂಟ್ವಾಳ–ಬೆಳ್ತಂಗಡಿ ದಾರಿಯ ಖಾಸಗಿ ಬಸ್ಸಿನ ಡ್ರೈವರ್. ನಮ್ಮ ಮನೆ ಪುಂಜಾಲಕಟ್ಟೆಯಲ್ಲಿ. ನಾನು ಮಿಜಾರಿನ ಹತ್ತಿರ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನನಗೊಂದು ಆಟದ ಹುಚ್ಚು ಇತ್ತು. ಹಳೇ ಕಾಲದ ವೀಡಿಯೋ ಗೇಮಿನ ಹಾಗೆ ಚೌಕ ಚೌಕ ಚುಕ್ಕಿಗಳಲ್ಲಿ ಬಿಡಿಸಿದ ಆಟ. ಮನೆಯೆತ್ತರದ ಒಂದು ಉಕ್ಕಿನ ರೋಬೋಟ್ ಪರದೆಯ ಎಡದಿಂದ ಬಲಕ್ಕೆ ನಡೆಯುತ್ತದೆ, ಅದರ ಎದೆಯೊಳಗೆ ಕೂತು ಒಬ್ಬ ಮನುಷ್ಯ ಅದನ್ನು ಓಡಿಸುತ್ತಾನೆ. ಎದುರು ಬಂದ ಯಂತ್ರಗಳನ್ನು ಹೊಡೆದು ಉರುಳಿಸಿದಷ್ಟೂ ಅವನ ಅನುಭವ ಹೆಚ್ಚುತ್ತದೆ, ಆ ಅನುಭವಕ್ಕೆ ತಕ್ಕ ಹಾಗೆ ಗಟ್ಟಿ ಕವಚ, ದೊಡ್ಡ ಬಂದೂಕು ಸಿಗುತ್ತವೆ. ಹಾಳುಬಿದ್ದ ಊರುಗಳಲ್ಲಿ ಜನ ಕೈಬೀಸುತ್ತಾ ನಿಂತಿರುತ್ತಾರೆ. ಬೇಕಾದರೆ ಅವರನ್ನು ಹತ್ತಿಸಿಕೊಂಡು ಮುಂದಿನ ಆಸರೆಯ ಜಾಗಕ್ಕೆ ಮುಟ್ಟಿಸಬಹುದು. ನಾನು ಯಾರನ್ನೂ ಹತ್ತಿಸಿಕೊಂಡವಳಲ್ಲ, ಅದರಿಂದ ಸಿಗುವ ಅನುಭವ ಬಹಳ ಕಡಿಮೆ.

ಒಂದು ಭಾನುವಾರ ಸಂಜೆ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ಗುಂಡಿಗಳಿರುವ ಕಂಟ್ರೋಲರನ್ನು ಅಪ್ಪನ ಕೈಗಿಟ್ಟೆ. ಎಡ ಹೆಬ್ಬೆರಳು ನಡೆಸಬೇಕು, ಬಲ ಹೆಬ್ಬೆರಳು ಹಾರಿಸಬೇಕು, ಹೊಡೆಯಬೇಕು. ಆಸ್ಪತ್ರೆಯವರು ಹೇಳಿದ್ದೂ ಬಲ ಹೆಬ್ಬೆರಳಿನ ಕೆಲಸವನ್ನೇ. ಅಪ್ಪ ರೋಬೋಟನ್ನು ಮೇಲೆ ಕೆಳಗೆ ನೋಡಿ, ಗೇರ್ ಎಲ್ಲಿ ಎಂದು ಕೇಳಿದರು.

ಮೊದಮೊದಲು ನಮ್ಮಿಬ್ಬರಿಗೂ ಜಗಳವೇ. ಪರದೆಯ ಮೇಲ್ತುದಿಯಲ್ಲಿ ಒಂದು ಗಡಿಯಾರ ಓಡುತ್ತಿರುತ್ತದೆ. ಎಷ್ಟು ಹೊತ್ತು ಆಡಿದ್ದೀರಿ ಎಂದು ತೋರಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ. ಆದರೆ ಖಾಸಗಿ ಬಸ್ಸಿನವರಿಗೆ ಟೈಮಿಂಗ್ ಅಂದರೆ ಪ್ರಾಣ. ಸ್ವಲ್ಪ ತಡವಾದರೆ ಹಿಂದಿನ ಬಸ್ಸಿನವ ಬಂದು ಜನರನ್ನು ತುಂಬಿಸಿಕೊಂಡು ಹೋಗುತ್ತಾನೆ, ಆ ಮೇಲೆ ಸ್ಟ್ಯಾಂಡಿನಲ್ಲಿ ಬೈಗುಳದ ಮಳೆ. ಗಡಿಯಾರ ಕಂಡದ್ದೇ ಅಪ್ಪ ಯಾರನ್ನೂ ಹೊಡೆಯದೆ, ಎಲ್ಲರ ನಡುವೆ ತೂರಿಕೊಂಡು ಓಡಿಸಿದರು. ಅನುಭವ ಏರಲಿಲ್ಲ. ಹುಟ್ಟಿದಾಗಿನ ತಗಡಿನಲ್ಲೇ ಹೋಗಿ ಕೊನೆಯ ದೊಡ್ಡ ಯಂತ್ರದ ಎದುರು ನಿಂತರು, ಒಂದೇ ಏಟಿಗೆ ರೋಬೋಟ್ ಚೂರಾಯಿತು. ಹಿಂದೆ ಹೋಗಿ ನಾಲ್ಕು ಶತ್ರುಗಳನ್ನು ಹೊಡೆದು ಬನ್ನಿ ಎಂದರೆ, ರೂಟಿನಲ್ಲಿ ಬಸ್ಸನ್ನು ಹಿಂದೆ ತಿರುಗಿಸುವ ಡ್ರೈವರನ್ನು ಎಲ್ಲಿಯಾದರೂ ಕಂಡಿದ್ದೀಯಾ ಎಂದು ನನಗೇ ಗದರಿದರು. ಅಪ್ಪನ ಹಟ ನನಗೂ ಬಂದಿದೆ. ಲ್ಯಾಪ್‌ಟಾಪ್ ಮುಚ್ಚಿಟ್ಟು ಎದ್ದು ಹೋದೆ.

ಮರುದಿನ ಕಾಲೇಜಿನಿಂದ ಬಂದು ನೋಡಿದರೆ ಅಪ್ಪನೇ ಅದನ್ನು ತೆರೆದು ಆಡುತ್ತಿದ್ದರು. ಗಡಿಯಾರ ಇದ್ದ ಕಡೆ ಟಿವಿಗೆ ಅಮ್ಮನ ಹತ್ತಿರ ಕೇಳಿ ಒಂದು ಬಟ್ಟೆ ಹಾಕಿಸಿದ್ದರು. ರೋಬೋಟ್ ನಿಧಾನವಾಗಿ ನಡೆಯುತ್ತಿತ್ತು. ಕೈಬೀಸಿದ ಒಬ್ಬೊಬ್ಬನ ಎದುರೂ ನಿಲ್ಲಿಸಿ ಹತ್ತಿಸಿಕೊಳ್ಳುತ್ತಿತ್ತು. ಇಷ್ಟು ಜನರಿಂದ ಬರುವ ಅನುಭವ ಏನೂ ಸಾಲದು ಎಂದು ನಾನು ಹೇಳಿದ್ದಕ್ಕೆ ಅಪ್ಪ ಕಿವಿಗೊಡಲಿಲ್ಲ. ಆದರೆ ಒಬ್ಬರನ್ನೂ ಬಿಡದೆ ಹತ್ತಿಸಿಕೊಂಡ ಕಾರಣ ಅದು ಕೂಡಿ ಕೂಡಿ, ಕೊನೆಗೆ ಕವಚವೂ ಬಂತು, ಬಂದೂಕೂ ಬಂತು. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಅಲ್ಲಿಂದ ನಾನು ಕಂಡಕ್ಟರ್. ಜನ ಹತ್ತಿದ ಮೇಲೆ ನಾನು ‘ರೈಟ್, ಪೋಯಿ’ ಅನ್ನಬೇಕು. ಹೋಗೋಣ ಎಂಬುದಕ್ಕೆ ತುಳುವಿನ ಮಾತು ಅದು, ಈ ಕಡೆಯ ಕಂಡಕ್ಟರುಗಳೆಲ್ಲ ಅನ್ನುವುದು ಹಾಗೆಯೇ. ಅದನ್ನು ಕೇಳದೆ ಅಪ್ಪ ಒಂದು ಹೆಜ್ಜೆ ಮುಂದಿಡುತ್ತಿರಲಿಲ್ಲ. ಅಡುಗೆಮನೆಯಿಂದ ಅಮ್ಮ, ಇಷ್ಟೆಲ್ಲ ಜನರನ್ನು ಟಿಕೆಟ್ ಇಲ್ಲದೆ ಕರಕೊಂಡು ಹೋದರೆ ಧಣಿ ಸುಮ್ಮನಿರುತ್ತಾರಾ ಎಂದು ಕೇಳುತ್ತಿದ್ದಳು. ಹೆಬ್ಬೆರಳು ಚುರುಕಾಯಿತು. ಅಂಗಿಯ ಗುಂಡಿ ತಾವೇ ಹಾಕಿಕೊಂಡ ದಿನ ಅಪ್ಪ ಕನ್ನಡಿಯ ಎದುರಿನಿಂದ ಬೇಗ ಕದಲಲಿಲ್ಲ.

ಧಣಿ, ಅಂದರೆ ಬಸ್ಸಿನ ಮಾಲೀಕರು, ಅಲ್ಲಿಯವರೆಗೆ ಬದಲಿ ಡ್ರೈವರನ್ನು ಇಟ್ಟುಕೊಂಡು ಅಪ್ಪನ ಸೀಟನ್ನು ಅಪ್ಪನಿಗೇ ಇಟ್ಟಿದ್ದರು. ಸೋಮವಾರದಿಂದ ಬರುವುದಾದರೆ ಬನ್ನಿ ಎಂದು ಅವರ ಫೋನ್ ಬಂತು. ಡಾಕ್ಟರರು, ಕೈ ನಿಮ್ಮದು, ನಿಮಗೆ ಧೈರ್ಯ ಇದ್ದರೆ ಆಗಬಹುದು ಎಂದು ಜಾರಿಕೊಂಡಿದ್ದರು. ಅಪ್ಪನಿಗೆ ಧೈರ್ಯಕ್ಕೇನು ಕಡಿಮೆ? ಅಮ್ಮ ಖಾಕಿ ಅಂಗಿಯನ್ನು ಒಗೆದು ಇಸ್ತ್ರಿ ಹಾಕಿದಳು. ನನಗೆ ಹೆದರಿಕೆ ಆಗಿತ್ತು. ಬೇಡ ಎಂದರೆ ಅಪ್ಪನ ಮುಖ ಹೇಗಾದೀತು ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದೆವು.

ಆ ಸೋಮವಾರದ ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿ ಆಟಕ್ಕೆ ಕೂತೆವು. ಊರಿಡೀ ಜನರನ್ನು ತುಂಬಿಸಿಕೊಂಡು ರೋಬೋಟ್ ಒಂದು ಉದ್ದದ ಸೇತುವೆ ಹತ್ತಿತು. ನಾನು ರೈಟ್ ಹೇಳಿಯಾಗಿತ್ತು. ಎದುರಿನಲ್ಲಿ ಸೇತುವೆಯ ಒಂದು ತುಂಡು ಕುಸಿಯತೊಡಗಿತು. ಹಾರಬೇಕಾದ ಜಾಗ ಅದು. ಅಪ್ಪ ಅದನ್ನು ಕಂಡರು, ಕಂಡದ್ದು ಅವರು ಕತ್ತು ಮುಂದಕ್ಕೆ ಚಾಚಿದ್ದರಲ್ಲೇ ಗೊತ್ತಾಯಿತು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಅದು ಒತ್ತುವಷ್ಟರಲ್ಲಿ ರೋಬೋಟ್ ಹೊಳೆಯಲ್ಲಿತ್ತು.

ಏನೂ ಆಗಿಲ್ಲ, ಹಿಂದಿನ ಆಸರೆಯಿಂದ ಪುನಃ ಶುರು ಮಾಡಬಹುದು, ಎಲ್ಲರೂ ಅಲ್ಲಿಯೇ ನಿಂತಿರುತ್ತಾರೆ ಎಂದು ನಾನು ಗಡಿಬಿಡಿಯಲ್ಲಿ ಹೇಳಿದೆ. ಅಪ್ಪ ತಮ್ಮ ಬೆರಳನ್ನೇ ನೋಡುತ್ತಿದ್ದರು.

“ನಾನು ಕಂಡಿದ್ದೆ ಮಗಾ. ಕೈಗೆ ಹೇಳಿಯೂ ಆಗಿತ್ತು. ಅದು ಬರ್ಲಿಲ್ಲ.”

“ಇದು ಆಟ ಅಲ್ವಾ ಅಪ್ಪ.”

“ಜನ ಇದ್ರು ಅದರಲ್ಲಿ.”

ಅಷ್ಟು ಹೇಳಿ ಎದ್ದು, ಜಗಲಿಗೆ ಹೋಗಿ ಧಣಿಗೆ ಫೋನ್ ಮಾಡಿದರು. ಬದಲಿಗೆ ಬಂದವ ಒಳ್ಳೆಯ ಹುಡುಗ, ಸೀಟು ಅವನಿಗೇ ಇರಲಿ, ಬ್ರೇಕ್ ಸ್ವಲ್ಪ ಎಡಕ್ಕೆ ಎಳೆಯುತ್ತದೆ ಎಂದು ಅವನಿಗೆ ಹೇಳಿ, ಎಂದರು. ಒಳಗೆ ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನನಗೂ ಅಳು ಬಂತು. ಬದುಕಿದೆವು ಎಂಬ ಸಮಾಧಾನವೂ ಆ ಅಳುವಿನಲ್ಲಿ ಇತ್ತು, ಅದಕ್ಕೆ ನಾಚಿಕೆಯೂ ಆಯಿತು.

ಸೋಮವಾರ ನಾನು ರಜೆ ಹಾಕಿದೆ. ಅಪ್ಪನ ಬಸ್ಸು ತನ್ನ ಹೊತ್ತಿಗೆ ಸರಿಯಾಗಿ ಹಾರ್ನ್ ಹಾಕಿಕೊಂಡು ರಸ್ತೆಯಲ್ಲಿ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಅಪ್ಪ ಜಗಲಿಯಲ್ಲಿ ನಿಂತಿದ್ದು, ಆ ಮೇಲೆ ಒಳಗೆ ಬಂದು ತಾವೇ ಟಿವಿ ಹಾಕಿದರು. ಕಂಟ್ರೋಲರನ್ನು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತರು.

“ನೀನು ಓಡಿಸು. ನಾನು ರೈಟ್ ಹೇಳ್ತೇನೆ.”

ಜನ ಕೈಬೀಸುತ್ತಾ ನಿಂತಿದ್ದರು. ನಾನು ಒಬ್ಬೊಬ್ಬರನ್ನಾಗಿ ಹತ್ತಿಸಿಕೊಂಡೆ. ಹಿಂದೆ ಯಾರಾದರೂ ಉಳಿದಿದ್ದಾರಾ ಎಂದು ಅಪ್ಪ ಪರದೆಯ ಎಡತುದಿಯನ್ನು ಬಗ್ಗಿ ನೋಡಿದರು. ಅವರು ಹೇಳುವವರೆಗೆ ನಾನು ಕಾದೆ.