ಕಂಡೋನು ಬರ್ಲಿ

ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ಕೊಳ್ಳೇಗಾಲದ ನಮ್ಮ ಮೊಹಲ್ಲಾದ ಫೋನುಗಳಲ್ಲೆಲ್ಲ ಹಜ್ರತ್ತರ ದನಿ ಬಂತು: “ಶಬಾನಾಳ ನಿಕಾಹ್ ಫೋನಿನಲ್ಲಾದದ್ದು, ಅದು ಹರಾಮ್. ಅವಳನ್ನು ಮನೆಯಿಂದ ಹೊರಗೆ ಹಾಕಿ.” ಶಬಾನಾ ನನ್ನ ಅಕ್ಕ. ಮಸೀದಿಯ ಇಮಾಮರಾದ ಹಜ್ರತ್ತರು ಆ ಹೊತ್ತಿಗೆ ಅವಳ ಅತ್ತೆಮನೆಯ ಜಗಲಿಯಲ್ಲಿ, ನನ್ನೆದುರಿಗೇ, ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. “ನಾನ್ಯಾವಾಗ ಅಂಗಂದೆ?” ಎಂದು ನಕ್ಕರು. ಯಾವನೋ ಕಂಪ್ಯೂಟರಿನಲ್ಲಿ ಅವರದೇ ಎನಿಸುವ ನಕಲಿ ದನಿ ಕಟ್ಟಿದ್ದ.

ಹಿಂದೊಂದು ರಂಜಾನಿನಲ್ಲಿ ಯಳಂದೂರಿನವನೊಬ್ಬ ಹಬ್ಬದ ಚಂದ್ರ ಕಂಡಿತೆಂದು ಫೋಟೊ ಕಳಿಸಿದ್ದ. “ಕಂಡೋನು ಬರ್ಲಿ” ಎಂದು ಹಜ್ರತ್ತರು ಅವನನ್ನೇ ಬಸ್ಸಿನಲ್ಲಿ ಕರೆಸಿಕೊಂಡರು. ಶಾವಿಗೆಗೆ ಹಾಲಿಟ್ಟು ಕಾದಿದ್ದ ಅಮ್ಮ ಗೊಣಗಿದಾಗ, “ಫೋನು ಸುದ್ದಿ ತತ್ತದೆ ಕಣವ್ವ, ಸಾಕ್ಷಿ ಯೋಳಕಿಲ್ಲ” ಎಂದಿದ್ದರು.

ಹಜ್ರತ್ತರೇ ನಡೆಸಿದ ಅಕ್ಕನ ನಿಕಾಹ್‌ನಲ್ಲೂ ಅಷ್ಟೇ. ದುಬೈಯಲ್ಲಿದ್ದ ಭಾವನಿಗೆ ರಜೆ ಸಿಗಲಿಲ್ಲ. ಅವನು ಫೋನಿನಲ್ಲಿ ತನ್ನ ಸೋದರಮಾವನನ್ನು ವಕೀಲನಾಗಿ, ಅಂದರೆ ತನ್ನ ಪ್ರತಿನಿಧಿಯಾಗಿ, ನೇಮಿಸಿದ; ಆ ಮಾವ ಇಲ್ಲಿ ಕೂತು ಅವನ ಪರವಾಗಿ ಕಬೂಲ್, ಒಪ್ಪಿದೆ ಎಂದ; ಇಬ್ಬರು ಸಾಕ್ಷಿಗಳು ಕಿವಿಯಾರೆ ಕೇಳಿದರು. ಅವರಲ್ಲೊಬ್ಬ ನಮ್ಮ ಮಾಬೂಬ್ ಚಾಚಾ. ಬಿರಿಯಾನಿಗೆ ಉಪ್ಪು ಕಮ್ಮಿ ಎಂದವನೂ ಅವನೇ.

ಈಗ ಆ ಆಡಿಯೊ ಕೇಳಿ ಅತ್ತೆಮನೆಯ ಮುಂದೆ ಬಂದ ಗುಂಪಿನ ಮುಂದೆ ಇದ್ದವನೂ ಅವನೇ. ಮೊದಲ ಕಲ್ಲಿಗೆ ಕಿಟಕಿಯ ಗಾಜು ಅಕ್ಕನ ಮಡಿಲಿಗೆ ಬಿತ್ತು. ಹಜ್ರತ್ತರು ಹೊಸ್ತಿಲಲ್ಲಿ ನಿಂತರು.

“ನಾನಿಲ್ಲೇ ಇವ್ನಿ ಕಣ್ರಪ್ಪ. ನಾನು ಅಂದದ್ನ ಕಂಡೋನು ಬರ್ಲಿ.”

“ಆಡಿಯೊ ಅದೆ ಹಜ್ರತ್!” ಗುಂಪಿನಲ್ಲೊಬ್ಬ ಕೂಗಿದ.

“ಮಾಬೂಬು, ಸಾಕ್ಷಿಗೆ ಕುಂತಿದ್ದೋನು ನೀನೇ ಅಲ್ವೇನ್ಲಾ? ನಿನ್ ಕಣ್ಣು ದೊಡ್ದಾ, ನಿನ್ ಫೋನು ದೊಡ್ದಾ?”

ಚಾಚಾ ತಲೆ ತಗ್ಗಿಸಿ ಫೋನನ್ನೇ ನೋಡಿದ. ಎರಡನೆಯ ಕಲ್ಲು ಹಜ್ರತ್ತರ ಹಣೆಗೆ ಬಿತ್ತು. ರಕ್ತ ಕಂಡು ಗುಂಪು ಕರಗಿತು. ಕಲ್ಲೆಸೆದವನನ್ನು ಮಾತ್ರ ಒಬ್ಬರೂ ಕಂಡಿಲ್ಲವಂತೆ!

ಗಲಾಟೆ ಬೇಡವೆಂದು ಮಸೀದಿ ಕಮಿಟಿಯವರು ಕೆಲಸದಿಂದ ಬಿಡಿಸಿದ್ದು ಹಜ್ರತ್ತರನ್ನೇ. ಅವರು ಹನೂರಿನ ಮಗಳ ಮನೆ ಸೇರಿದರು. ಅಕ್ಕ ಹೊಸ್ತಿಲು ದಾಟುವುದನ್ನು ಬಿಟ್ಟಳು. ಅವಳ ಜೊತೆಗೆಂದು ಅಲ್ಲೇ ಉಳಿದು ರಾತ್ರಿ ಪಕ್ಕ ಮಲಗುತ್ತಿದ್ದ ನಾನು ಫೋನು ಸದ್ದಾದಾಗಲೆಲ್ಲ ಎದ್ದು ಕಿಟಕಿ ನೋಡುತ್ತಿದ್ದೆ.

ಕೊನೆಯ ಸಲ ನಾನು ಹನೂರಿಗೆ ಹೋದಾಗ, ಹಜ್ರತ್ತರು ಹಣೆಯ ಗಾಯ ಸವರಿಕೊಳ್ಳುತ್ತ ಕೇಳಿದರು: “ನಿದ್ದೆ ಬತ್ತದಾ?”

“ಇಲ್ಲ ಹಜ್ರತ್.”

“ನಂಗೂವೆ. ನನ್ ದನಿ ನಂಗೇ ಕೇಳಿಸ್ತಾ ಇರ್ತದೆ.”

ಅವರು ತೀರಿಕೊಂಡ ದಿನ ಅದೇ ಸುಳ್ಳು ಆಡಿಯೊ ಮತ್ತೆ ಎಲ್ಲರ ಫೋನಿಗೂ ಬಂತು, ‘ಹಜ್ರತ್ತರ ನೆನಪಿಗೆ’ ಎಂಬ ತಲೆಬರಹದೊಂದಿಗೆ. ನಾಚಿಕೆಗೆಟ್ಟವರು. ಮರುದಿನ ಶುಕ್ರವಾರ. ಮಾಬೂಬ್ ಚಾಚಾ ಅಕ್ಕನ ಬಾಗಿಲಿಗೆ ಬಂದು ಬೀದಿಗೆಲ್ಲ ಕೇಳುವಂತೆ ಕೂಗಿದ: “ಇವಳ ನಿಕಾಹ್ ನಾನ್ ಕಂಡಿವ್ನಿ! ಸರಿಯಾಗೇ ಆಗದೆ! ಆ ದನಿ ಹಜ್ರತ್ತರ್ದಲ್ಲ!”

ಹಜ್ರತ್ತರು ಬದುಕಿದ್ದಾಗ ಆ ಬಾಯಿ ಎಲ್ಲಿತ್ತು? ಅಕ್ಕ ಕುರ್ಚಿ ಹಾಕಿದಳು. ನಾನು ಒಂದು ಲೋಟ ನೀರೂ ಕೊಡಲಿಲ್ಲ.

ಅಂದು ರಾತ್ರಿ ಅಕ್ಕ ಬಾಗಿಲಿಗೆ ಅಗಳಿ ಹಾಕುವುದನ್ನೇ ಮರೆತಳು. ನಾನು ಬೆಳಗಿನವರೆಗೂ ಎಚ್ಚರವಾಗದೆ ಮಲಗಿದೆ.