ಮಾವನ ಮೆಸ್ಸು, ನಮ್ಮ ಮೆಶ್ಶು

ವೇಲಚೇರಿಯ ನಮ್ಮ ಫ್ಲಾಟಿನಲ್ಲಿ ವೈಫೈ ಹಿಂದಿನ ಕೋಣೆ ತಲುಪುವಷ್ಟರಲ್ಲಿ ಬಳಲಿಬಿಡುತ್ತಿತ್ತು. ನನ್ನ ಹೆಂಡತಿ ಆನ್‌ಲೈನಿನಲ್ಲಿ ಸಂಗೀತ ಕಲಿಸುವುದು ಅಲ್ಲಿಂದಲೇ. ಪಾಠ ಕಡಿದು ಕಡಿದು ಶಿಷ್ಯೆಯರು ಒಬ್ಬೊಬ್ಬರಾಗಿ ಬಿಡತೊಡಗಿದರು. ಹಜಾರದ ಮೊದಲ ಪೆಟ್ಟಿಗೆಯಿಂದ ಸಿಗ್ನಲ್ ಹಿಡಿದು ಹಿಂದಕ್ಕೆ ದಾಟಿಸಲೆಂದು 'ಮೆಶ್' ಎಂಬ ವೈಫೈ ಜಾಲದ ಎರಡನೆಯ ಪೆಟ್ಟಿಗೆಯನ್ನು ತಂದು ಸಕಲ ಮರ್ಯಾದೆಗಳೊಂದಿಗೆ ನಡುಕೋಣೆಯಲ್ಲಿ ಪ್ರತಿಷ್ಠಾಪಿಸಿದೆ. ಪ್ರಯೋಜನವಾಗಲಿಲ್ಲ.

"ಈ ಮೆಶ್ಶೇ ಸರಿಯಿಲ್ಲ" ಎಂದು ಗೊಣಗಿದೆ. ತ್ರಿಪ್ಲಿಕೇನಿನಲ್ಲಿ ಆಯುಷ್ಯವಿಡೀ ಮೆಸ್ ನಡೆಸಿದ ಮಾವನಿಗೆ ಅದು 'ಮೆಸ್ಸು' ಎಂದೇ ಕೇಳಿಸಿತು.

"ಬಡಿಸುವವನನ್ನು ಎಲ್ಲಿ ನಿಲ್ಲಿಸಿದ್ದಾರೆ?"

ನಾನು ಪೆಟ್ಟಿಗೆ ತೋರಿಸಿದೆ. "ಇಗೋ, ಸ್ಟೀಲ್ ಬೀರುವಿನ ಹಿಂದೆ."

"ಅಡುಗೆಮನೆಯೇ ಕಾಣದಲ್ಲಿ ನಿಂತವ ಏನು ಬಡಿಸ್ತಾನೆ ಮಾರಾಯ್ರೇ, ಗಾಳಿಯಾ?"

"ಗಾಳಿಯನ್ನೇ, ಮಾವ."

ಆದರೂ ಪೆಟ್ಟಿಗೆಯನ್ನು ಹಜಾರದ ಪೆಟ್ಟಿಗೆ ನೇರ ಕಾಣುವ ಊಟದ ಮೇಜಿಗೆ ತಂದಿಟ್ಟೆ. ಆ ಸಂಜೆ ಪಾಠ ಒಮ್ಮೆಯೂ ಕಡಿಯಲಿಲ್ಲ. ಉಳಿದಿದ್ದ ಒಬ್ಬಳೇ ಶಿಷ್ಯೆಯ ಅಪಸ್ವರಗಳು ಒಂದೂ ಬಿಡದೆ ಮನೆಯೆಲ್ಲ ಕೇಳಿಸಿದವು.